ಹಿಂತೆಗೆದುಕೊಂಡ ಮಸೂದೆ: ಮೇಲ್ಮನೆಯಲ್ಲಿ ಒಂಟಿ ಸದಸ್ಯರ ಕೆಲಸ



ಈ ದತ್ತಿ ಉಪನ್ಯಾಸಕ್ಕೆ ಒಂದು ಷರತ್ತಿದೆ ಎಂದು ಪ್ರಾಂಶುಪಾಲರು ಫೋನಿನಲ್ಲೇ ತಿಳಿಸಿದ್ದರು. ವಿಷಯ ಸಂಸದೀಯ ಪ್ರಜಾಪ್ರಭುತ್ವಕ್ಕೆ ಸೇರಿರಬೇಕು, ಆದರೆ ಮಾತಾಡುವವರು ಯಾವ ಪಕ್ಷದ ಪರವಾಗಿಯೂ ಮಾತಾಡಬಾರದು. ಈ ಕಾಲದಲ್ಲಿ ಇದು ಉಪ್ಪಿಲ್ಲದೆ ಉಪ್ಪಿನಕಾಯಿ ಹಾಕಿ ಎಂದ ಹಾಗೆ. ಯೋಚಿಸಿ ಒಂದು ಉಪಾಯ ಮಾಡಿದೆ. ಪಕ್ಷವೇ ಇಲ್ಲದವರನ್ನು ಕುರಿತು ಮಾತಾಡಿದರೆ ಷರತ್ತೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ.

ಇದರ ಜೊತೆಗೆ ನನ್ನದೊಂದು ಹಳೆಯ ತಪ್ಪೊಪ್ಪಿಗೆಯೂ ಇದೆ. ರಾಜ್ಯಶಾಸ್ತ್ರದ ಮೇಷ್ಟ್ರಾಗಿ ನಾನು ವರ್ಷಗಟ್ಟಲೆ ಒಂದು ಪ್ರಶ್ನೆಯನ್ನು ಕೇಳುತ್ತಿದ್ದೆ: ‘ಖಾಸಗಿ ಸದಸ್ಯರ ಮಸೂದೆ, ಟಿಪ್ಪಣಿ ಬರೆಯಿರಿ, 5 ಅಂಕ.’ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆಗೆ ಆ ಹೆಸರು. ಸ್ವತಂತ್ರ ಭಾರತದಲ್ಲಿ ಇಂಥವು ಎರಡೂ ಸದನಗಳನ್ನು ದಾಟಿ ಕಾಯ್ದೆಯಾದದ್ದು 14 ಮಾತ್ರ. ಅದರಲ್ಲಿ ರಾಜ್ಯಸಭೆಯಲ್ಲಿ ಹುಟ್ಟಿದವು 5. ಕೊನೆಯದು ಅಂಗೀಕಾರವಾದದ್ದು 1970ರಲ್ಲಿ. ಇಷ್ಟು ಬರೆದು ‘ಆದ್ದರಿಂದ ಇದು ನಿಷ್ಪ್ರಯೋಜಕ’ ಎಂದು ಮುಗಿಸಿದ ಹುಡುಗನಿಗೆ ನಾನು ಐದಕ್ಕೆ ಐದು ಕೊಡುತ್ತಿದ್ದೆ. ನಿವೃತ್ತನಾದ ಮೇಲೆ, ಪುರುಸೊತ್ತು ಸಿಕ್ಕಿ ರಾಜ್ಯಸಭೆಯ ಹಳೆಯ ಕಲಾಪಗಳನ್ನು ಓದಲು ಕುಳಿತಾಗ, ಆ ಐದು ಅಂಕದಲ್ಲಿ ಎರಡನ್ನಾದರೂ ಕಳೆಯಬೇಕಿತ್ತು ಅನ್ನಿಸಿತು. ಹದಿನಾಲ್ಕರ ಲೆಕ್ಕ ಸರಿಯೇ. ಆದರೆ ಅಲ್ಲಿ ನಡೆಯುವ ವ್ಯಾಪಾರ ಆ ಲೆಕ್ಕದ ಪುಸ್ತಕಕ್ಕೆ ಸಿಗುವಂಥದ್ದಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇದಿಷ್ಟೆ: ಮೇಲ್ಮನೆಯ ಒಂಟಿ ಸದಸ್ಯರ ಕೆಲಸದ ಫಲ ಹೆಚ್ಚಾಗಿ ಅವರ ಹೆಸರಿನಲ್ಲಿ ಇರುವುದಿಲ್ಲ. ಅದು ಇರುವುದು ಅವರು ಹಿಂತೆಗೆದುಕೊಂಡ ಕಾಗದಗಳಲ್ಲಿ.

ಮೊದಲು ಈ ಒಂಟಿಗಳು ಯಾರು ಎಂಬುದು. ರಾಜ್ಯಸಭೆಯ 245 ಸ್ಥಾನಗಳಲ್ಲಿ 233 ಮಂದಿ ಚುನಾಯಿತರು, 12 ಮಂದಿ ರಾಷ್ಟ್ರಪತಿಗಳಿಂದ ನಾಮನಿರ್ದೇಶಿತರು. ಪಕ್ಷದ ಚೀಟಿಯಿಲ್ಲದೆ ಗೆದ್ದು ಬಂದವರು ಪಕ್ಷೇತರರು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯ ಹೆಸರಿನಲ್ಲಿ ನೇಮಕವಾಗಿ, ಯಾವ ಪಕ್ಷವನ್ನೂ ಸೇರದೆ ಉಳಿದವರು ಇನ್ನೊಂದು ಬಗೆ. 1985ರಲ್ಲಿ ಬಂದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ಕಾನೂನು, ಈ ಇಬ್ಬರನ್ನು ಬೇರೆಬೇರೆಯಾಗಿ ಕಾಣುತ್ತದೆ. ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವ ಪಕ್ಷ ಸೇರಿದರೂ ಸ್ಥಾನ ಹೋಗುತ್ತದೆ. ನಾಮನಿರ್ದೇಶಿತರಿಗೆ ಆರು ತಿಂಗಳ ಗಡುವಿದೆ, ಅಷ್ಟರೊಳಗೆ ಸೇರಬಹುದು. ಗಂಡಿನ ಮನೆಯವರು ಹೆಣ್ಣಿಗೆ ಯೋಚಿಸಲು ಕೊಟ್ಟ ಕಾಲಾವಕಾಶದಂತೆ ಇದು ನನಗೆ ಯಾವಾಗಲೂ ಕಾಣುತ್ತದೆ. ಕಾನೂನಿನ ಕಣ್ಣಿಗೆ ಇವರು ಬೇರೆ ಇರಬಹುದು, ಸದನದೊಳಗಿನ ಪಾಡು ಮಾತ್ರ ಇಬ್ಬರದೂ ಒಂದೇ. ಬೆನ್ನಿಗೆ ಸಚೇತಕನಿಲ್ಲ, ‘ವಿಪ್’ ಇಲ್ಲ, ಮಾತಾಡಲು ಹೆಸರು ಕಳಿಸುವ ನಾಯಕನಿಲ್ಲ. ಆದ್ದರಿಂದ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತೇನೆ. ಶಾಸ್ತ್ರಜ್ಞರು ಕ್ಷಮಿಸಬೇಕು.

ಪಾಡು ಎಂದೆ. ಅದು ಗಡಿಯಾರದಿಂದ ಶುರುವಾಗುತ್ತದೆ. ಒಂದು ಮಸೂದೆಯ ಚರ್ಚೆಗೆ ನಾಲ್ಕು ಗಂಟೆ ನಿಗದಿಯಾಗಿದೆ ಎಂದುಕೊಳ್ಳಿ, 240 ನಿಮಿಷ. ಸದಸ್ಯರು 245. ಸಮಪಾಲು ಹಂಚಿದರೆ ತಲೆಗೆ ಒಂದು ನಿಮಿಷವೂ ಬರುವುದಿಲ್ಲ. ಸಮಯ ಹಂಚುವುದು ಪಕ್ಷಗಳ ಬಲದ ಪ್ರಕಾರ. ನೂರು ಜನರ ಪಕ್ಷಕ್ಕೆ ನೂರು ನಿಮಿಷ ಸಿಕ್ಕರೆ ಅದು ಐವರನ್ನು ಮಾತಾಡಿಸಿ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಕೊಡಬಹುದು. ಒಂಟಿ ಸದಸ್ಯನಿಗೆ ತನ್ನ ಒಂದು ನಿಮಿಷದ ಪಾಲನ್ನು ಕೂಡಿಸಲು ನೆಂಟರಿಲ್ಲ. ಪಟ್ಟಿಯ ತುದಿಯಲ್ಲಿ ‘ಇತರರು’ ಎಂಬ ಸಾಲಿನಲ್ಲಿ ಅವನಿಗೆ ಎರಡು ಮೂರು ನಿಮಿಷ ಸಿಕ್ಕಿದರೆ ಅದು ಪೀಠದ ಔದಾರ್ಯ. ಅವನ ಸರದಿ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಸದನ ಅರ್ಧ ಖಾಲಿ, ಪತ್ರಕರ್ತರು ಕಾಪಿ ಕಳಿಸಿ ಮುಗಿಸಿರುತ್ತಾರೆ. ‘ಮಾನ್ಯ ಸಭಾಪತಿಗಳೆ’ ಎಂದು ಬಾಯಿ ತೆರೆಯುವಷ್ಟರಲ್ಲೇ ಗಂಟೆ.

ಆದರೆ ಸದನದಲ್ಲಿ ಒಂದು ಮೂಲೆ ಇದೆ, ಅಲ್ಲಿ ಪಕ್ಷದ ಬಲ ನಡೆಯುವುದಿಲ್ಲ. ಅದು ಚೀಟಿ ಎತ್ತುವ ಮೂಲೆ. ಪ್ರಶ್ನೋತ್ತರ ವೇಳೆಗೆ ರಾಜ್ಯಸಭೆಯಲ್ಲಿ ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳು, 160 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಯಾರ ಪ್ರಶ್ನೆ ಮೊದಲು ಎಂಬುದು ಲಾಟರಿಯಿಂದ ನಿರ್ಧಾರ. ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ ಖಾಸಗಿ ಸದಸ್ಯರದು, ಒಂದು ವಾರ ಮಸೂದೆ, ಇನ್ನೊಂದು ವಾರ ನಿರ್ಣಯ. ಅಲ್ಲಿಯೂ ಸರದಿಯನ್ನು ಹೇಳುವುದು ಚೀಟಿಯೆ. ಚೀಟಿಗೆ ಪಕ್ಷ ಗೊತ್ತಿಲ್ಲ. ನೂರು ಜನರ ಪಕ್ಷದವನ ಹೆಸರೂ ಒಂಟಿಯವನ ಹೆಸರೂ ಒಂದೇ ಡಬ್ಬಿಯಲ್ಲಿ. ದೊಡ್ಡ ಪಕ್ಷಗಳ ಸದಸ್ಯರು ಶುಕ್ರವಾರ ಮಧ್ಯಾಹ್ನ ವಿಮಾನ ಹಿಡಿದು ಊರಿಗೆ ಹೊರಟಿರುತ್ತಾರೆ. ಉಳಿಯುವವರು ಬೇರೆ ದಾರಿ ಇಲ್ಲದವರು. ಒಂಟಿ ಸದಸ್ಯರ ಇತಿಹಾಸದ ಬಹುಭಾಗ ಈ ಶುಕ್ರವಾರಗಳಲ್ಲಿ ನಡೆದಿದೆ.

ಅಂಥ ಒಬ್ಬರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1952ರಲ್ಲಿ ಮೊದಲ ರಾಜ್ಯಸಭೆ ಕೂಡಿದಾಗ, ಇನ್ನೂ ಅದಕ್ಕೆ ಆ ಹೆಸರೂ ಬಂದಿರಲಿಲ್ಲ, ಅದು ಬಂದದ್ದು 1954ರ ಆಗಸ್ಟಿನಲ್ಲಿ, ಮೊದಲ ಹನ್ನೆರಡು ನಾಮನಿರ್ದೇಶಿತರಲ್ಲಿ ವಿಜ್ಞಾನಿ ಸತ್ಯೇಂದ್ರನಾಥ ಬೋಸ್, ನಟ ಪೃಥ್ವಿರಾಜ್ ಕಪೂರ್, ಕವಿ ಮೈಥಿಲೀಶರಣ ಗುಪ್ತ ಇದ್ದರು. ಅವರ ನಡುವೆ ಒಬ್ಬರೇ ಹೆಣ್ಣುಮಗಳು, ಮದ್ರಾಸಿನ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್. ಹುಟ್ಟಿದ್ದು 1904ರಲ್ಲಿ, ಮದುರೆಯಲ್ಲಿ. ಮೇಲುಜಾತಿಯ ಮನೆಯ ಹೆಣ್ಣು ಭರತನಾಟ್ಯದ ವೇದಿಕೆ ಹತ್ತುವುದು ಹಗರಣವಾಗಿದ್ದ ಕಾಲದಲ್ಲಿ, 1930ರ ದಶಕದ ನಡುವೆ, ಹತ್ತಿದವರು. ನಾಟ್ಯದ ಮೂಲ ಒಡತಿಯರಾದ ದೇವದಾಸಿಯರಿಂದ ಕಲೆಯನ್ನು ದೂರ ಮಾಡಿದರು ಎಂಬ ಟೀಕೆಯೂ ಅವರ ಮೇಲಿದೆ, ಅದು ಹುರುಳಿಲ್ಲದ ಟೀಕೆಯಲ್ಲ. ಆದರೆ ಇಲ್ಲಿ ನಮಗೆ ಬೇಕಾದವರು ನರ್ತಕಿ ರುಕ್ಮಿಣೀದೇವಿಯಲ್ಲ. ದೆಹಲಿಗೆ ಹೋದವರು ಕಲೆಗೆ ಅನುದಾನ ಕೇಳುತ್ತಾರೆ ಎಂದು ಎಲ್ಲರೂ ಎಣಿಸಿದ್ದರೆ ಅವರು ಕೈಗೆತ್ತಿಕೊಂಡದ್ದು ಎತ್ತು, ಕುದುರೆ, ಕೋತಿಗಳ ವಿಷಯ.

ಆಗ ಜಾರಿಯಲ್ಲಿದ್ದದ್ದು 1890ರ ಪ್ರಾಣಿಹಿಂಸೆ ತಡೆ ಕಾಯ್ದೆ. ಬ್ರಿಟಿಷರದು, ಪಟ್ಟಣಗಳ ಕಾಯ್ದೆ. ಸರ್ಕಾರ ಎಲ್ಲಿಗೆ ವಿಸ್ತರಿಸುತ್ತದೋ ಅಲ್ಲಿಗೆ ಮಾತ್ರ ನಡೆಯುವಂಥದ್ದು. ರುಕ್ಮಿಣೀದೇವಿ 1953ರಲ್ಲಿ ಖಾಸಗಿ ಸದಸ್ಯೆಯಾಗಿ ಹೊಸ ಮಸೂದೆಯನ್ನೇ ಮಂಡಿಸಿದರು. ಅದು ಚರ್ಚೆಗೆ ಬಂದದ್ದು 1954ರಲ್ಲಿ. ಅವರ ಹಿಂದೆ ಒಂದು ಮತವೂ ಖಚಿತವಾಗಿರಲಿಲ್ಲ. ಸದನದಲ್ಲಿ ಕಾಂಗ್ರೆಸ್ಸಿಗೆ ಭಾರೀ ಬಹುಮತ. ಸರ್ಕಾರ ಬೇಡವೆಂದರೆ ಮಸೂದೆ ಅಲ್ಲಿಗೆ ಮುಗಿಯಿತು. ಆಗ ಪ್ರಧಾನಿ ನೆಹರೂ ತಾವೇ ಎದ್ದು ನಿಂತರು. ಉದ್ದೇಶ ಒಳ್ಳೆಯದು, ಸರ್ಕಾರ ಒಂದು ಸಮಿತಿ ಮಾಡಿ ವಿಷಯವನ್ನು ಪೂರ್ತಿಯಾಗಿ ಪರಿಶೀಲಿಸಿ ಕಾನೂನು ತರುತ್ತದೆ, ಸದಸ್ಯೆ ತಮ್ಮ ಮಸೂದೆಯನ್ನು ಹಿಂತೆಗೆದುಕೊಳ್ಳಬೇಕು ಎಂಬುದು ಅವರ ಮಾತಿನ ಸಾರ.

ಈ ಕ್ಷಣವನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಿತ್ತು. ‘ಸಮಿತಿ ಮಾಡುತ್ತೇವೆ’ ಎಂಬ ಮಾತಿಗೆ ನಮ್ಮ ದೇಶದಲ್ಲಿ ಏನು ಅರ್ಥವೆಂದು ಆ ಹೊತ್ತಿಗೇ ಎಲ್ಲರಿಗೂ ಗೊತ್ತಿತ್ತು. ಹಿಂತೆಗೆದುಕೊಂಡರೆ ಕೈಯಲ್ಲಿದ್ದ ಒಂದೇ ಕಾಗದವೂ ಹೋಯಿತು. ಹಿಂತೆಗೆಯದೆ ಮತಕ್ಕೆ ಹಾಕಿಸಿದರೆ ಸೋಲು ಖಂಡಿತ; ಆದರೆ ಸೋತವರು ಊರಿಗೆ ಬಂದು ‘ನಾನು ಹೋರಾಡಿದೆ’ ಎನ್ನಬಹುದು, ಹೂಮಾಲೆ ಹಾಕಿಸಿಕೊಳ್ಳಬಹುದು. ರುಕ್ಮಿಣೀದೇವಿ ಹಿಂತೆಗೆದುಕೊಂಡರು. ಸಮಿತಿಯಾಯಿತು. ಸಮಿತಿಯ ವರದಿ ಬಂತು. ಸರ್ಕಾರದ ಮಸೂದೆ ಬಂತು. 1960ರ ಡಿಸೆಂಬರಿನಲ್ಲಿ ಅದು ಆ ವರ್ಷದ 59ನೇ ಕಾಯ್ದೆಯಾಯಿತು. ಮಸೂದೆ ಮಂಡಿಸಿದ ದಿನದಿಂದ ಏಳು ವರ್ಷ. ಅಷ್ಟು ಕಾಲ ಅವರು ಅದೇ ಸದನದಲ್ಲಿದ್ದರು, 1956ರಲ್ಲಿ ಮರುನೇಮಕವಾಗಿತ್ತು, ಮತ್ತು ಬೆನ್ನು ಬಿಡಲಿಲ್ಲ. ಕಾಯ್ದೆಯಂತೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಮದ್ರಾಸಿನಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷೆಯಾದವರೂ ಅವರೆ.

ಹಿಂತೆಗೆದುಕೊಂಡದ್ದಕ್ಕೆ ಬೆಲೆಯೂ ತೆತ್ತಿದ್ದೇವೆ. ಮಸೂದೆ ಸರ್ಕಾರದ ಕೈಸೇರಿದ ಮೇಲೆ ಸರ್ಕಾರದ ಎಚ್ಚರಿಕೆಗಳೂ ಅದರೊಳಗೆ ಸೇರಿದವು. ವಿಜ್ಞಾನದ ಪ್ರಯೋಗಗಳಿಗೆ 14ನೇ ಕಲಮು ಬಾಗಿಲು ತೆರೆದಿಟ್ಟಿತು. ಯಾವುದೇ ಸಮುದಾಯದ ಧಾರ್ಮಿಕ ವಿಧಿಯಂತೆ ನಡೆಯುವ ಪ್ರಾಣಿವಧೆ ಅಪರಾಧವಲ್ಲ ಎಂದು 28ನೇ ಕಲಮು ಹೇಳಿತು. ಮೊದಲ ಸಲದ ಅಪರಾಧಕ್ಕೆ ದಂಡ 50 ರೂಪಾಯಿ ಮೀರದ ಹಾಗೆ. 1960ರಲ್ಲಿ ಐವತ್ತು ರೂಪಾಯಿ ದೊಡ್ಡ ಮೊತ್ತ; ಅಂಕಿ ಬದಲಾಗದೆ ನಿಂತುಬಿಟ್ಟದ್ದರಿಂದ ಇವತ್ತು ಅದು ಒಂದು ಮಸಾಲೆದೋಸೆಯ ಬೆಲೆಯೂ ಅಲ್ಲ.

ಆದರೂ ಆ ಕಾಯ್ದೆ ಎಲ್ಲೆಲ್ಲಿಗೆ ಬಂದು ಮುಟ್ಟಿದೆ ನೋಡಿ. ನಮ್ಮ ಬೀದಿಗಳಲ್ಲಿ ಮೂಗುದಾರ ಹಾಕಿ ಕರಡಿ ಕುಣಿಸುತ್ತಿದ್ದದ್ದು ಈ ಸಭೆಯ ಹಿರಿಯರಿಗೆ ನೆನಪಿರುತ್ತದೆ. ಜ್ವರ ಬಂದ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. 1960ರ ಕಾಯ್ದೆಯ 22ನೇ ಕಲಮಿನ ಕೆಳಗೆ 1991ರಲ್ಲಿ ಹೊರಟ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆಗಳ ಪ್ರದರ್ಶನವನ್ನು ನಿಷೇಧಿಸಿತು. ಹೋರಿಯ ಹೆಸರು ಆಮೇಲೆ, 2011ರಲ್ಲಿ, ಆ ಪಟ್ಟಿಗೆ ಸೇರಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ತಡೆದಾಗ ಅದರ ಏಟು ದಕ್ಷಿಣ ಕನ್ನಡ, ಉಡುಪಿಗಳ ಕಂಬಳದ ಕರೆಗಳಿಗೂ ಬಿತ್ತು. ಕರಾವಳಿಯಲ್ಲಿ ಜನ ಬೀದಿಗಿಳಿದರು. 2017ರಲ್ಲಿ ನಮ್ಮ ವಿಧಾನಮಂಡಲ ಅದೇ ಕೇಂದ್ರ ಕಾಯ್ದೆಗೆ ರಾಜ್ಯದ ತಿದ್ದುಪಡಿ ತಂದು ಕಂಬಳವನ್ನೂ ಎತ್ತಿನಗಾಡಿ ಓಟವನ್ನೂ ಉಳಿಸಿಕೊಂಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ದತ್ತಿಯ ಷರತ್ತು ಅದನ್ನೂ ತಡೆಯುತ್ತದೆಂದೇ ಭಾವಿಸುತ್ತೇನೆ. ಆದರೆ ಕೋಣಗಳ ಬೆನ್ನು ಹತ್ತಿ ಇಷ್ಟು ದೂರ ಬಂದ ಈ ಜಗಳ ಶುರುವಾದದ್ದು ಒಬ್ಬ ನರ್ತಕಿಯ ಕೈಯಲ್ಲಿದ್ದ, ದಾಖಲೆಯ ಪ್ರಕಾರ ‘ಹಿಂತೆಗೆದುಕೊಂಡ’, ಒಂದು ಮಸೂದೆಯಿಂದ.

ಈ ಬಗೆಯ ದಾರಿ ಪಕ್ಷದವರಿಗೂ ಇಲ್ಲದಿಲ್ಲ. ಡಿಎಂಕೆಯ ತಿರುಚ್ಚಿ ಶಿವ ಅವರು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ತಂದ ಖಾಸಗಿ ಮಸೂದೆ 2015ರ ಏಪ್ರಿಲ್‌ನಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವೇ ಆಯಿತು. ಲೋಕಸಭೆಯಲ್ಲಿ ದಡ ಸೇರಲಿಲ್ಲ. ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಯಾರಿಗಾಗಿ ಆ ಕಾಯ್ದೆಯೋ ಆ ಸಮುದಾಯದ ಹಲವರೇ ಶಿವ ಅವರ ಮಸೂದೆ ಮೇಲಾಗಿತ್ತು ಎನ್ನುತ್ತಾರೆ. ಮಸೂದೆಯನ್ನು ಸರ್ಕಾರಕ್ಕೆ ದತ್ತು ಕೊಟ್ಟರೆ ಮಗು ಬದುಕುತ್ತದೆ, ಆದರೆ ಸಾಕಿದವರ ಮನೆಯ ಗುಣ ಬರುತ್ತದೆ.

ದತ್ತು ಹೋಗದ ಮಗುವಿನ ಗತಿ ಏನು? ಅದನ್ನೂ ಹೇಳಬೇಕು. ಹೆಸರಾಂತ ವಕೀಲ ಫಾಲಿ ನಾರಿಮನ್ 1999ರಿಂದ 2005ರವರೆಗೆ ನಾಮನಿರ್ದೇಶಿತ ಸದಸ್ಯರು. ಗದ್ದಲದಿಂದ ಸದನ ನಡೆಯದ ದಿನಕ್ಕೆ ಸದಸ್ಯರಿಗೆ ದಿನಭತ್ಯೆ ಕೊಡಬಾರದು ಎಂದು ಅವರು 2004ರಲ್ಲಿ ಒಂದು ಮಸೂದೆ ತಂದರು. ಕೂಲಿ ಮಾಡದವನಿಗೆ ಕೂಲಿಯಿಲ್ಲ ಎಂಬ, ನಮ್ಮ ಯಾವ ರೈತನಿಗೂ ವಿವರಿಸಬೇಕಿಲ್ಲದ ತತ್ವ. ಅದನ್ನು ದತ್ತು ಪಡೆಯಲು ಯಾವ ಸರ್ಕಾರಕ್ಕೂ, ಯಾವ ವಿರೋಧಪಕ್ಷಕ್ಕೂ ಮನಸ್ಸಾಗಲಿಲ್ಲ, ಕಾರಣ ಹೇಳಬೇಕಾಗಿಲ್ಲ. ರಾಜ್ಯಸಭೆ ಎಂದೂ ವಿಸರ್ಜನೆಯಾಗುವುದಿಲ್ಲ, ಆದ್ದರಿಂದ ಅಲ್ಲಿ ಮಸೂದೆಗೆ ಆಯಸ್ಸು ಹೆಚ್ಚು ಎಂದು ನಾವು ಪಾಠ ಹೇಳುತ್ತೇವೆ. ಸರ್ಕಾರಿ ಮಸೂದೆಗೆ ಅದು ನಿಜ. ಖಾಸಗಿ ಮಸೂದೆ ಮಾತ್ರ ತಂದವರ ಅವಧಿ ಮುಗಿದ ದಿನವೇ ಪಟ್ಟಿಯಿಂದ ಹೊರಗೆ. ಒಂಟಿ ಸದಸ್ಯನ ಮಸೂದೆಗೆ ವಾರಸುದಾರರಿಲ್ಲ.

ಇನ್ನೊಬ್ಬರಿದ್ದಾರೆ. ಅವರ ಹೆಸರು ನಮ್ಮ ಪಠ್ಯದಲ್ಲಿ ಒಂದು ಆಯೋಗದ ಸದಸ್ಯರ ಪಟ್ಟಿಯಲ್ಲಿ ಬಂದು ಹೋಗುತ್ತದೆ: ಹೃದಯನಾಥ ಕುಂಜ್ರು. ಗೋಖಲೆಯವರ ಭಾರತ ಸೇವಕ ಸಮಾಜದವರು, ದಶಕಗಳ ಕಾಲ ಅದರ ಅಧ್ಯಕ್ಷರು. 1952ರಿಂದ 1962ರವರೆಗೆ ಉತ್ತರ ಪ್ರದೇಶದಿಂದ ರಾಜ್ಯಸಭೆಗೆ ಬಂದ ಪಕ್ಷೇತರ ಸದಸ್ಯರು. ಅದಕ್ಕೂ ಹಿಂದೆ ತಾತ್ಕಾಲಿಕ ಸಂಸತ್ತಿನಲ್ಲಿ, 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ವಾಕ್ ಸ್ವಾತಂತ್ರ್ಯಕ್ಕೆ ಕತ್ತರಿ ಹಾಕುತ್ತದೆ ಎಂದು ವಿರೋಧಿಸಿದ ಬೆರಳೆಣಿಕೆಯವರಲ್ಲಿ ಒಬ್ಬರು. ವಿದೇಶಾಂಗ, ರಕ್ಷಣೆ, ರೈಲ್ವೆ ಅವರ ಕ್ಷೇತ್ರಗಳು.

ಕುಂಜ್ರು ಅವರಿಂದ ನಾನು ಕಲಿತದ್ದು ಇನ್ನೊಂದು ದಾರಿ. ಪಕ್ಷವಿಲ್ಲದವನನ್ನು ಸರ್ಕಾರ ಸಾಮಾನ್ಯವಾಗಿ ಮಂತ್ರಿ ಮಾಡುವುದಿಲ್ಲ, ಆದರೆ ಸಮಿತಿಗೆ ಹಾಕಬಲ್ಲದು, ಏಕೆಂದರೆ ಅವನ ಮಾತನ್ನು ಎರಡೂ ಕಡೆಯವರು ನಂಬುತ್ತಾರೆ. ಈ ಸಭಾಂಗಣದ ಬಾಗಿಲಲ್ಲಿ ಖಾಕಿ ತೊಟ್ಟು ನಿಂತಿರುವ ಎನ್‌ಸಿಸಿ ಮಕ್ಕಳೇ, ನಿಮ್ಮ ಸಂಘಟನೆ ಹುಟ್ಟಿದ್ದು 1946ರ ಕುಂಜ್ರು ಸಮಿತಿಯ ವರದಿಯಿಂದ. ಕಾಯ್ದೆ ಬಂದದ್ದು 1948ರಲ್ಲಿ. ಮತ್ತು ಈ ಸಭಾಂಗಣ ಇರುವ ರಾಜ್ಯದ ಗಡಿಯನ್ನು ಎಳೆದವರಲ್ಲೂ ಅವರಿದ್ದರು. 1953ರ ಕೊನೆಯಲ್ಲಿ ನೇಮಕವಾದ ರಾಜ್ಯ ಪುನರ್‌ವಿಂಗಡಣಾ ಆಯೋಗದಲ್ಲಿ ಮೂವರೇ: ಫಜಲ್ ಅಲಿ, ಕೆ. ಎಂ. ಪಣಿಕ್ಕರ್, ಕುಂಜ್ರು. 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ ಅವರು ಕನ್ನಡ ನಾಡುಗಳನ್ನು ಒಂದುಗೂಡಿಸಲು ಹೇಳಿದರು, ಆ ರಾಜ್ಯವನ್ನು ‘ಕರ್ನಾಟಕ’ ಎಂದೇ ಕರೆದರು. ನಾವು ಆ ಹೆಸರನ್ನು ಇಟ್ಟುಕೊಳ್ಳಲು 1973ರವರೆಗೆ ಕಾದೆವು. ಅದೇ ವರದಿ ತುಂಗಭದ್ರಾ ಯೋಜನೆಯ ನೆಪದಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಲು ಹೇಳಿತ್ತು. ಅದು ನಡೆಯದೆ ಹೋದದ್ದು ನಮ್ಮ ಪುಣ್ಯ, ಮತ್ತು ನಮ್ಮವರ ಗದ್ದಲ. ನಿಷ್ಪಕ್ಷಪಾತಿಯಾದವನು ತಪ್ಪೇ ಮಾಡುವುದಿಲ್ಲವೆಂದು ಯಾರೂ ತಿಳಿಯಬಾರದು.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳುತ್ತದೆ. ಇವರೆಲ್ಲ ಸರ್ಕಾರದ ಕೃಪೆಗೆ ಕಾದವರಲ್ಲವೆ? ಒಂಟಿ ಸದಸ್ಯನ ಕೈಯಲ್ಲೇ ಸರ್ಕಾರದ ಜುಟ್ಟು ಸಿಕ್ಕಿದರೆ?

ಸಿಕ್ಕಿದ ಉದಾಹರಣೆ ಆಸ್ಟ್ರೇಲಿಯಾದಲ್ಲಿದೆ. ಟಾಸ್ಮೇನಿಯಾದ ಬ್ರಯನ್ ಹ್ಯಾರಡೀನ್, ಕಾರ್ಮಿಕ ಸಂಘದಿಂದ ಬಂದವರು, ಲೇಬರ್ ಪಕ್ಷದಿಂದ ಉಚ್ಚಾಟಿತರು. 1975ರಿಂದ 2005ರವರೆಗೆ ಅಲ್ಲಿಯ ಸೆನೆಟ್ಟಿನಲ್ಲಿ ಪಕ್ಷೇತರ. ಅಲ್ಲಿ ಸೆನೆಟ್ಟಿಗೆ ಜನರೇ ನೇರವಾಗಿ ಮತ ಹಾಕುತ್ತಾರೆ, ಅದು ದೊಡ್ಡ ವ್ಯತ್ಯಾಸ. 1996ರಿಂದ ಸದನದ ತಕ್ಕಡಿ ಸಮವಾಗಿ ನಿಂತಾಗ ಅವರ ಒಂದು ಮತಕ್ಕೆ ಚಿನ್ನದ ತೂಕ ಬಂತು. ಸರ್ಕಾರಿ ದೂರವಾಣಿ ಸಂಸ್ಥೆ ಟೆಲ್‌ಸ್ಟ್ರಾದ ಮೂರನೇ ಒಂದು ಪಾಲು ಮಾರಾಟಕ್ಕೆ 1996ರಲ್ಲಿ ಅವರ ಮತ ಬೇಕಾಯಿತು, ಕೊಟ್ಟರು. ಅವರ ಪುಟ್ಟ ರಾಜ್ಯಕ್ಕೆ ಹಣ ಹರಿದು ಬಂತು. ಗರ್ಭಪಾತದ ಗುಳಿಗೆಯ ಆಮದಿಗೆ ಮಂತ್ರಿಯ ಅನುಮತಿ ಬೇಕೆಂಬ ನಿಯಮ ಬಂದದ್ದೂ ಅವರ ಪಟ್ಟಿನಿಂದ. 1999ರ ಮೇ ತಿಂಗಳಲ್ಲಿ ಸರಕು ಸೇವಾ ತೆರಿಗೆಗೆ ಮಾತ್ರ, ಬಡವರಿಗೆ ಹೊರೆಯಾಗುತ್ತದೆಂದು, ತನ್ನಿಂದಾಗದು ಎಂದುಬಿಟ್ಟರು. ಪ್ರಧಾನಿ ಹೋವರ್ಡ್ ಬೇರೊಂದು ಸಣ್ಣ ಪಕ್ಷದ ಬಾಗಿಲು ತಟ್ಟಬೇಕಾಯಿತು. ನನಗೆ ಹ್ಯಾರಡೀನ್ ಬಗ್ಗೆ ಮೆಚ್ಚುಗೆಯೂ ಇದೆ, ಅಳುಕೂ ಇದೆ. ಒಂದು ಮತ ಕೊಟ್ಟು ತನ್ನ ನಂಬಿಕೆಯನ್ನು ಇಡೀ ದೇಶದ ಹೆಂಗಸರ ಮೇಲೆ ಕಾನೂನಾಗಿ ಹೇರುವುದು ರುಕ್ಮಿಣೀದೇವಿಯವರ ಏಳು ವರ್ಷದ ಕಾಯುವಿಕೆಗಿಂತ ಮೇಲಾದ ಪ್ರಜಾಪ್ರಭುತ್ವ ಎಂದು ನನಗನ್ನಿಸುವುದಿಲ್ಲ. ನಿಮ್ಮಲ್ಲಿ ಕೆಲವರು ಒಪ್ಪಲಿಕ್ಕಿಲ್ಲ.

ನಮ್ಮ ವಿಧಾನಸೌಧದಿಂದ ರಾಜ್ಯಸಭೆಗೆ ಹೋಗುವ ಪಕ್ಷೇತರರ ಮಾತನ್ನು ಬಿಟ್ಟರೆ ಅಪ್ರಾಮಾಣಿಕನಾಗುತ್ತೇನೆ. ಕರ್ನಾಟಕಕ್ಕೆ 12 ಸ್ಥಾನ. ಒಂದು ಸಲಕ್ಕೆ ನಾಲ್ಕು ಖಾಲಿಯಾದರೆ 224 ಶಾಸಕರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ 45 ಮತ ಬೇಕು. ನಾಮಪತ್ರಕ್ಕೇ 10 ಶಾಸಕರ ಸಹಿ ಬೇಕು. ಪಕ್ಷೇತರನಿಗೆ 45 ಶಾಸಕರು ಆಕಾಶದಿಂದ ಇಳಿಯುವುದಿಲ್ಲ. ಪಕ್ಷಗಳ ಹೆಚ್ಚುವರಿ ಮತಗಳೇ ಬರಬೇಕು. ಅವು ಏಕೆ ಬರುತ್ತವೆ ಎಂಬ ಪ್ರಶ್ನೆಗೆ ನಾಡಿನ ಚಹದಂಗಡಿಗಳಲ್ಲಿ ಒಂದೇ ಉತ್ತರ. ಮತಗಳು ಅಡ್ಡ ಬೀಳುವುದನ್ನು ತಡೆಯಲೆಂದೇ 2003ರಲ್ಲಿ ಬಹಿರಂಗ ಮತದಾನ ತಂದರು: ಪಕ್ಷದ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ವಿಚಿತ್ರವೆಂದರೆ ಪಕ್ಷೇತರ ಶಾಸಕ ಯಾರಿಗೂ ತೋರಿಸಕೂಡದು. ಗುಟ್ಟಿನ ಮತ ಈಗ ಉಳಿದಿರುವುದು ಪಕ್ಷವಿಲ್ಲದವನಿಗೆ ಮಾತ್ರ. ನಮ್ಮಲ್ಲಿಂದ ಉದ್ಯಮಿ ವಿಜಯ್ ಮಲ್ಯ 2002ರಲ್ಲೂ 2010ರಲ್ಲೂ, ರಾಜೀವ್ ಚಂದ್ರಶೇಖರ್ 2006ರಲ್ಲೂ 2012ರಲ್ಲೂ ಪಕ್ಷೇತರರಾಗಿ ಹೋದರು. ಮಲ್ಯ 2016ರಲ್ಲಿ ರಾಜೀನಾಮೆ ಕೊಟ್ಟರು. ಚಂದ್ರಶೇಖರ್ 2018ರಲ್ಲಿ ಬಿಜೆಪಿಯಿಂದ ಆಯ್ಕೆಯಾದರು. ಅವರವರ ಕೆಲಸವನ್ನು ತೂಗುವುದು ಇವತ್ತಿನ ನನ್ನ ಷರತ್ತಿಗೆ ಒಗ್ಗದು. ‘ಪಕ್ಷೇತರ’ ಎಂಬ ಪದವನ್ನು ಕೇಳಿದ ಕೂಡಲೆ ಕುಂಜ್ರು ಅವರ ಮುಖ ಕಾಣಬೇಕಾಗಿಲ್ಲ ಎಂದಷ್ಟೇ ಹೇಳುತ್ತೇನೆ.

ತೂಗುವುದು ಎಂದಾಗ ನೆನಪಾಯಿತು. ಈಗ ಸಂಸದರಿಗೂ ಅಂಕಪಟ್ಟಿ ಬರುತ್ತದೆ: ಹಾಜರಾತಿ ಶೇಕಡಾ ಇಷ್ಟು, ಪ್ರಶ್ನೆ ಇಷ್ಟು, ಖಾಸಗಿ ಮಸೂದೆ ಇಷ್ಟು, ಪ್ರದೇಶಾಭಿವೃದ್ಧಿ ನಿಧಿಯ ಐದು ಕೋಟಿಯಲ್ಲಿ ಖರ್ಚು ಇಷ್ಟು. ಬೇಡವೆನ್ನುವುದಿಲ್ಲ, ಮೇಷ್ಟ್ರಾಗಿ ಹಾಜರಾತಿಯನ್ನು ಹೀಗಳೆಯಲಾರೆ. ಆದರೆ ಪ್ರಶ್ನೆಗಳ ಸಂಖ್ಯೆಯನ್ನು ಸಹಾಯಕರೂ ಬೆಳೆಸಬಲ್ಲರು, ಬಸ್ ತಂಗುದಾಣದ ಮೇಲೆ ಹೆಸರನ್ನು ಗುತ್ತಿಗೆದಾರನೂ ಬರೆಸಬಲ್ಲ. ರುಕ್ಮಿಣೀದೇವಿಯವರಿಗೆ ಅಂಥ ಪಟ್ಟಿಯಲ್ಲಿ ಕಾಯ್ದೆಯಾದ ಖಾಸಗಿ ಮಸೂದೆಯ ಲೆಕ್ಕದಲ್ಲಿ ಸಿಗುವುದು ಸೊನ್ನೆ.

ನಮ್ಮದೇ ಮೇಲ್ಮನೆ, ವಿಧಾನ ಪರಿಷತ್ತು, ‘ಚಿಂತಕರ ಚಾವಡಿ’ ಎಂದು ನಾವು ಕರೆಯುವ 75 ಜನರ ಮನೆ, ಅಲ್ಲಿಯೂ 11 ಮಂದಿ ನಾಮಕರಣಗೊಂಡವರು. ಕವಿ ಸಿದ್ಧಲಿಂಗಯ್ಯ ಎರಡು ಅವಧಿ ಅಲ್ಲಿದ್ದರು. ಅವರ ಭಾಷಣಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂದು ಪುಸ್ತಕವಾಗಿವೆ. ಶಾಸಕರ ಭಾಷಣಗಳನ್ನು ದುಡ್ಡು ಕೊಟ್ಟು ಕೊಂಡು ಓದಿದ ಸಂದರ್ಭ ನನ್ನ ಬದುಕಿನಲ್ಲಿ ಅದೊಂದೆ. ನಗಿಸುತ್ತ ನಗಿಸುತ್ತ ಕೇರಿಯ ಸಂಕಟವನ್ನು ಕಡತಕ್ಕೆ ಸೇರಿಸುವ ಆ ಕಲೆ ಬಲ ಇಲ್ಲದವನು ಕಂಡುಕೊಂಡ ಬಲ.

ಕೊನೆಯದಾಗಿ ನಮ್ಮೂರಿನವರು. ಮೈಸೂರಿನ ಯಾದವಗಿರಿಯಲ್ಲಿರುವ ಅವರ ಮನೆ, ಈಗ ವಸ್ತುಸಂಗ್ರಹಾಲಯ, ನಿಮಗೆಲ್ಲ ಗೊತ್ತು. ಕಾದಂಬರಿಕಾರ ಆರ್. ಕೆ. ನಾರಾಯಣ್ 1986ರಿಂದ 1992ರವರೆಗೆ ನಾಮನಿರ್ದೇಶಿತರಾಗಿ ರಾಜ್ಯಸಭೆಯಲ್ಲಿದ್ದರು. ಸೇರಿದ ಮೂರನೇ ವರ್ಷದವರೆಗೆ ಬಾಯಿ ಬಿಡಲಿಲ್ಲ. 1989ರಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಶಾಲೆಯ ಮಕ್ಕಳ ಚೀಲ. ಬೆಳಿಗ್ಗೆ ಎದ್ದಾಗಿನಿಂದ ಮಗುವನ್ನು ಅಟ್ಟುವ ಪರಿ, ಚೀಲದ ಭಾರಕ್ಕೆ ಬೆನ್ನು ಬಾಗಿ ತೋಳು ಮುಂದಕ್ಕೆ ಜೋತುಬಿದ್ದು ಮಗು ಚಿಂಪಾಂಜಿಯಂತೆ ನಡೆಯುವುದು, ಮನೆಗೆ ಬಂದರೆ ಮತ್ತೆ ಮನೆಪಾಠ, ಆಡುವುದಕ್ಕೂ ಕನಸು ಕಾಣುವುದಕ್ಕೂ ಪುರುಸೊತ್ತಿಲ್ಲ. ಬೇಕಾದರೆ ಸುಗ್ರೀವಾಜ್ಞೆ ಹೊರಡಿಸಿಯಾದರೂ ಈ ಚೀಲವನ್ನೇ ರದ್ದು ಮಾಡಿ ಎಂದರು. ಮಸೂದೆ ಮಂಡಿಸಲಿಲ್ಲ, ಹಿಂತೆಗೆದುಕೊಳ್ಳಲೂ ಏನೂ ಇರಲಿಲ್ಲ. ಒಂದು ಚಿತ್ರವನ್ನು ಕೊಟ್ಟು ಕುಳಿತರು. ಸ್ವಾಮಿ ಮತ್ತವನ ಗೆಳೆಯರನ್ನು ಸೃಷ್ಟಿಸಿದವರಿಗೆ ಅದು ಎಡಗೈಯ ಕೆಲಸ.

1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲ್ ಅವರ ಸಮಿತಿಯನ್ನು ನೇಮಿಸಿತು. 1993ರ ವರದಿ ನಾರಾಯಣ್ ಅವರ ಭಾಷಣವನ್ನು ಮೊದಲಿಗೇ ನೆನೆಯುತ್ತದೆ. ಆಮೇಲೆ ಆ ವರದಿ ಅವರಿಗಿಂತ ಮುಂದೆ ಹೋಗಿ ಚೀಲದ ತೂಕಕ್ಕಿಂತ ದೊಡ್ಡ ಹೊರೆ ಅರ್ಥವಾಗದೆ ಓದುವುದು ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೂ ಯಶಪಾಲರೇ ಮುಖ್ಯಸ್ಥರು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು: ಚೀಲ ಮಗುವಿನ ತೂಕದ ಶೇಕಡಾ 10 ಮೀರಬಾರದು, ಮೂರರಿಂದ ಐದನೇ ತರಗತಿಗೆ 2ರಿಂದ 3 ಕಿಲೋ, ತಿಂಗಳಿಗೊಂದು ಶನಿವಾರ ಚೀಲವೇ ಇಲ್ಲದ ದಿನ. ಒಂದು ಭಾಷಣ ಯಾದವಗಿರಿಯಿಂದ ಹೊರಟು ದೆಹಲಿ ಸುತ್ತಿ ಬೆಂಗಳೂರಿಗೆ ಸುತ್ತೋಲೆಯಾಗಿ ಬರಲು ಮೂವತ್ತು ವರ್ಷ.

ಈ ಉಪನ್ಯಾಸ ಬರೆಯುತ್ತಿದ್ದ ವಾರ ನಾಲ್ಕನೇ ತರಗತಿಯ ಮೊಮ್ಮಗಳ ಚೀಲವನ್ನು ಅಡುಗೆಮನೆಯ ತೂಗುತಕ್ಕಡಿಗೆ ನೇತುಹಾಕಿದೆ. ಐದು ಕಿಲೋಗೆ ಸ್ವಲ್ಪ ಮೇಲೆ. ಮರುದಿನ ಚೀಲವಿಲ್ಲದ ಶನಿವಾರ ಎಂದಿದ್ದಳು, ಬೆಳಿಗ್ಗೆ ನೋಡಿದರೆ ಚೀಲ ಬೆನ್ನ ಮೇಲೆ. ಯಾಕಮ್ಮ ಎಂದೆ.

‘ಟಿಫನ್ ಬಾಕ್ಸು, ನೀರಿನ ಬಾಟ್ಲು, ಡ್ರಾಯಿಂಗ್ ಬುಕ್ಕು ಎಲ್ಲಾ ಏನ್ರಲ್ಲಿ ತಗೊಂಡ್ ಹೋಗ್ಲಿ ತಾತ? ಅದಕ್ಕಾದ್ರೂ ಬ್ಯಾಗ್ ಬೇಡ್ವಾ?’